ಟ್ರೇಲರಿನಲ್ಲಿ ಕರೆಂಟ್ ಹೋದರೆ ಮೊದಲು ಎಲ್ಲಿ ನೋಡಬೇಕು?

ಮೈಕ್ರೋವೇವ್ ಓಡುತ್ತಿದೆ. ಕೆಟಲಿನಲ್ಲಿ ನೀರು ಕುದಿಯುತ್ತಿದೆ. ಆದರೆ ಒಂದು ದೀಪವೂ ಹತ್ತುತ್ತಿಲ್ಲ, ನಲ್ಲಿ ತಿರುಗಿಸಿದರೆ ಪಂಪಿನ ಸದ್ದೇ ಇಲ್ಲ. ಇಲ್ಲಿ ಅಮೆರಿಕದಲ್ಲಿ ಕಾರಿನ ಹಿಂದೆ ಎಳೆದೊಯ್ಯುವ, ಒಳಗೆ ಮನೆಯ ಥರ ಇರುವ ಹಳೆಯ ಟ್ರೇಲರ್ ಒಂದನ್ನು ಕೊಂಡು ಮೊದಲ ಸಲ ನಾಲ್ಕು ದಿನಕ್ಕೆ ಕ್ಯಾಂಪಿಂಗ್ ಹೋದಾಗ ನಮಗೆ ಆಗಿದ್ದು ಇದು. ಎರಡು ದಿನ ದೀಪಗಳು ಚೆನ್ನಾಗಿಯೇ ಉರಿದವು. ಮೂರನೇ ಸಂಜೆ ಮಂಕಾಗುತ್ತಾ ಬಂದು ಆರಿಹೋದವು. ಹೊರಗಿನ ಕರೆಂಟನ್ನು ದೀಪ, ಬ್ಯಾಟರಿಗೆ ಹೊಂದುವಂತೆ ಇಳಿಸುವ ಕನ್ವರ್ಟರ್ ಸುಟ್ಟಿದೆ ಅಂತ ನಾನೇ ತೀರ್ಪು ಕೊಟ್ಟು, ಹೊಸದನ್ನು ಫೋನಿನಲ್ಲಿ ಕಾರ್ಟಿಗೂ ಹಾಕಿದ್ದೆ. ಕೊನೆಗೆ ನೋಡಿದರೆ ಒಳಗಿನ ಪ್ಯಾನೆಲಿನಲ್ಲಿ ಒಂದು ಸಣ್ಣ ಬ್ರೇಕರ್ ಬಿದ್ದಿತ್ತು (ಟ್ರಿಪ್ ಆಗಿತ್ತು), ಅಷ್ಟೇ.

ಆಮೇಲೆ ನಮ್ಮ ಗಾಡಿಯಲ್ಲೂ, ಜೊತೆಗೆ ಬರುವ ಕನ್ನಡದ ಮನೆಯವರ ಗಾಡಿಗಳಲ್ಲೂ ಇದನ್ನೇ ಮತ್ತೆ ಮತ್ತೆ ನೋಡಿದ್ದೇನೆ. ದುಬಾರಿ ಡಬ್ಬಿ ಕೆಟ್ಟಿರುವುದು ಅಪರೂಪ. ಸ್ವಿಚ್ಚು, ಫ್ಯೂಸು, ಸಡಿಲಾದ ನಟ್ಟು, ತುಕ್ಕು ಹಿಡಿದ ವೈರು, ಇವೇ ಜಾಸ್ತಿ. ಹೊರಗಿನಿಂದ ಒಳಕ್ಕೆ ಒಂದೊಂದೇ ನೋಡುತ್ತಾ ಬಂದರೆ ಅರ್ಧ ಗಂಟೆಯಲ್ಲಿ ಸಿಕ್ಕಿಬಿಡುತ್ತದೆ.

ಯಾವ ಕರೆಂಟ್ ಹೋಗಿದೆ?

ಟ್ರೇಲರಿನಲ್ಲಿ ಇರುವುದು ಒಂದು ಕರೆಂಟಲ್ಲ, ಎರಡು. ಹೊರಗಿನಿಂದ ಬರುವ 120 ವೋಲ್ಟ್ ಎಸಿ ಒಂದು. ಅದರಲ್ಲಿ ಏರ್ ಕಂಡಿಷನರ್, ಮೈಕ್ರೋವೇವ್, ಪ್ಲಗ್ ಪಾಯಿಂಟುಗಳು ನಡೆಯುತ್ತವೆ. ಬ್ಯಾಟರಿಯ 12 ವೋಲ್ಟ್ ಡಿಸಿ ಇನ್ನೊಂದು. ದೀಪ, ನೀರಿನ ಪಂಪ್, ಫರ್ನೇಸಿನ (ಗಾಡಿ ಬೆಚ್ಚಗಿಡುವ ಗ್ಯಾಸ್ ಹೀಟರಿನ) ಫ್ಯಾನ್, ಸ್ಲೈಡ್ (ಹೊರಕ್ಕೆ ಜಾರಿ ಒಳಗೆ ಜಾಗ ಮಾಡುವ ಭಾಗ), ಗ್ಯಾಸ್ ಡಿಟೆಕ್ಟರ್ ಎಲ್ಲ ಅದರ ಪಾಲು. ಗ್ಯಾಸಿನಲ್ಲಿ ಓಡುವ ಫ್ರಿಜ್ಜಿಗೂ ಒಳಗಿನ ಬೋರ್ಡ್ ಕೆಲಸ ಮಾಡಲು ಈ 12 ವೋಲ್ಟ್ ಬೇಕೇ ಬೇಕು.

ಬೆಂಗಳೂರಿನ ಮನೆಗಳಲ್ಲಿ ಯುಪಿಎಸ್ ನೋಡಿ ಬೆಳೆದವರಿಗೆ ಇಲ್ಲಿ ಒಂದು ಗೊಂದಲ ಆಗುತ್ತದೆ. ಯುಪಿಎಸ್ ಕರೆಂಟ್ ಇದ್ದಾಗ ಬ್ಯಾಟರಿ ತುಂಬಿಸುತ್ತದೆ, ಹೋದಾಗ ಬ್ಯಾಟರಿಯಿಂದ ಮನೆಯ ಪ್ಲಗ್ಗುಗಳಿಗೆ ಕರೆಂಟ್ ಕೊಡುತ್ತದೆ. ಟ್ರೇಲರಿನ ಕನ್ವರ್ಟರ್ ಮಾಡುವುದು ಅದರ ಮೊದಲ ಅರ್ಧವನ್ನು ಮಾತ್ರ. 120 ವೋಲ್ಟನ್ನು 12ಕ್ಕೆ ಇಳಿಸಿ ಬ್ಯಾಟರಿ ತುಂಬಿಸುತ್ತದೆ, ದೀಪ ಉರಿಸುತ್ತದೆ. ವಾಪಸ್ 120 ಮಾಡಿ ಕೊಡುವುದಿಲ್ಲ. ಅದಕ್ಕೆ ಬೇರೆ ಇನ್ವರ್ಟರ್ ಇರಬೇಕು. ಇದ್ದರೂ ಎಷ್ಟೋ ಗಾಡಿಗಳಲ್ಲಿ ಅದು ಟಿವಿಯ ಹತ್ತಿರದ ಒಂದೆರಡು ಪ್ಲಗ್ಗಿಗೆ ಮಾತ್ರ ಜೋಡಿಸಿರುತ್ತದೆ. ಹಾಗಾಗಿ ಕಾಡಿನಲ್ಲಿ ನಿಂತಾಗ ಬ್ಯಾಟರಿ ತುಂಬಿದ್ದರೂ ಪ್ಲಗ್ಗಿನಲ್ಲಿ ಫೋನ್ ಚಾರ್ಜ್ ಆಗದಿದ್ದರೆ ಅದು ಕೆಟ್ಟಿದ್ದಲ್ಲ.

ಈಗ ಒಳಗೆ ಒಂದು ಸುತ್ತು ಬನ್ನಿ. ದೀಪ ಉರಿಯುತ್ತಿದೆ, ಪ್ಲಗ್ ಸತ್ತಿದೆ ಅಂದರೆ 120ರ ಕಡೆ ನೋಡಿ. ಪ್ಲಗ್ ಸರಿ ಇದೆ, ದೀಪ ಇಲ್ಲ ಅಂದರೆ ಕನ್ವರ್ಟರ್ ಮತ್ತು 12ರ ಫ್ಯೂಸುಗಳ ಕಡೆ. ಹೊರಗಿನ ಕರೆಂಟಿಗೆ ಹಾಕಿದ್ದಾಗ ಎಲ್ಲ ಸರಿ, ಕಿತ್ತ ತಕ್ಷಣ ಎಲ್ಲ ಕತ್ತಲೆ ಅಂದರೆ ಬ್ಯಾಟರಿ ಅಥವಾ ಅದರ ವೈರು. ಎರಡೂ ಇಲ್ಲ ಅಂದರೆ ಹೊರಗಿನ ಕರೆಂಟ್ ಯಾವಾಗಲೋ ಹೋಗಿದೆ, ನಿಮಗೆ ಗೊತ್ತಾಗಿದ್ದು ಬ್ಯಾಟರಿ ಖಾಲಿಯಾದ ಮೇಲೆ.

ಕೈಯಲ್ಲಿ ಇರಬೇಕಾದ್ದು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಸಾಕೆಟ್ಟಿಗೆ ಚುಚ್ಚುವ ಮೂರು ದೀಪದ ಟೆಸ್ಟರ್. ವೈರು ಮುಟ್ಟದೆಯೇ ಕರೆಂಟ್ ಇದೆಯೇ ಹೇಳುವ ಪೆನ್ನಿನಂಥ ಟೆಸ್ಟರ್. ಬ್ಯಾಟರಿಯ ನಟ್ಟಿಗೆ ಹೊಂದುವ ಸ್ಪ್ಯಾನರ್, ವೈರ್ ಬ್ರಷ್, ಟಾರ್ಚ್. ಜೊತೆಗೆ ಕಾರಿನ ಅಂಗಡಿಯಲ್ಲಿ ಸಿಗುವ ಬ್ಲೇಡ್ ಫ್ಯೂಸುಗಳ ಒಂದು ಡಬ್ಬಿ. ಅವುಗಳ ಬಣ್ಣ ನೆನಪಿಟ್ಟುಕೊಳ್ಳಿ: 10 ಆಂಪ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ನೀಲಿ ಹೋದ ಜಾಗಕ್ಕೆ ಹಸಿರು ಹಾಕಬೇಡಿ. ಊರಲ್ಲಿ ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತುತ್ತಿದ್ದ ಬುದ್ಧಿ ಇಲ್ಲಿ ಬೇಡ. ಗಾಡಿಯ ಗೋಡೆಯೊಳಗೆ ಇರುವುದು ಮರ ಮತ್ತು ಫೋಮು.

ಕಂಬದಿಂದ ಶುರು ಮಾಡಿ

ಕ್ಯಾಂಪ್‌ಗ್ರೌಂಡಿನ ಸೈಟಿನಲ್ಲಿ ಗಾಡಿಯ ಪ್ಲಗ್ ಹಾಕುವ ಸಾಕೆಟ್ ಇರುವ ಕರೆಂಟಿನ ಪೆಡೆಸ್ಟಲ್ ಇರುತ್ತದೆ. ನಾನು ಸುಮ್ನೆ ಕಂಬ ಅಂತೇನೆ. ಮೊದಲು ಅದರ ಬ್ರೇಕರ್ ನೋಡಿ. ಬಿದ್ದ ಬ್ರೇಕರ್ ಪೂರ್ತಿ ಆಫ್ ಕಡೆ ಹೋಗಿರುವುದಿಲ್ಲ, ನಡುವೆ ನಿಂತಿರುತ್ತದೆ, ಮೇಲ್ನೋಟಕ್ಕೆ ಆನ್ ಇದ್ದ ಹಾಗೇ ಕಾಣುತ್ತದೆ. ಮೊದಲ ಸಲ ಒಳಗಿನ ಪ್ಯಾನೆಲಿನ ಬ್ರೇಕರಿನಲ್ಲಿ ನಾನು ಮೋಸ ಹೋಗಿದ್ದೂ ಹೀಗೇ. ಜೋರಾಗಿ ಒತ್ತಿ ಪೂರ್ತಿ ಆಫ್ ಮಾಡಿ, ಆಮೇಲೆ ಆನ್ ಮಾಡಬೇಕು.

ಬ್ರೇಕರ್ ಸರಿ ಇದ್ದರೆ ಅದನ್ನು ಆಫ್ ಮಾಡಿ, ಪ್ಲಗ್ ಕಿತ್ತು ಪಿನ್ನುಗಳನ್ನು ನೋಡಿ. ಕಂದು ಬಣ್ಣಕ್ಕೆ ತಿರುಗಿದೆಯೇ, ಸುತ್ತಲ ಪ್ಲಾಸ್ಟಿಕ್ ಕರಗಿದೆಯೇ? ನೂರಾರು ಜನ ಹಾಕಿ ತೆಗೆದ ಸಾಕೆಟ್ ಸಡಿಲಾಗಿರುತ್ತದೆ, ಸಡಿಲಾದ ಕಡೆ ಬಿಸಿಯಾಗುತ್ತದೆ. ಏರ್ ಕಂಡಿಷನರ್ (ಏಸಿ) ಓಡುತ್ತಿರುವಾಗ ಅರ್ಧ ಗಂಟೆ ಬಿಟ್ಟು ಪ್ಲಗ್ಗಿನ ರಬ್ಬರಿನ ಮೇಲೆ ಕೈ ಇಟ್ಟು ನೋಡುವುದು ನನ್ನ ಅಭ್ಯಾಸ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಆಫೀಸಿಗೆ ಹೇಳಿ ಬೇರೆ ಸೈಟ್ ಕೇಳಿ.

ಸಣ್ಣ ಟ್ರೇಲರುಗಳದು ಮೂರು ಪಿನ್ನಿನ 30 ಆಂಪ್ ಪ್ಲಗ್. 120 ವೋಲ್ಟ್, ಒಟ್ಟು 3,600 ವ್ಯಾಟ್. ದೊಡ್ಡವುಗಳದು ನಾಲ್ಕು ಪಿನ್ನಿನ 50 ಆಂಪ್. ಅದರಲ್ಲಿ 120 ವೋಲ್ಟಿನ ಎರಡು ಬೇರೆ ಬೇರೆ ಲೈನ್ ಬರುತ್ತವೆ, ಒಂದೊಂದಕ್ಕೂ 50 ಆಂಪ್, ಒಟ್ಟು 12,000 ವ್ಯಾಟ್. 50ರ ಗಾಡಿಯಲ್ಲಿ ಅರ್ಧ ಸಾಮಾನು ಓಡುತ್ತಿದ್ದು ಅರ್ಧ ಸತ್ತಿದ್ದರೆ ಎರಡು ಲೈನಿನಲ್ಲಿ ಒಂದು ಬರುತ್ತಿಲ್ಲ ಅಂತ ಮೊದಲು ಅನುಮಾನಿಸಿ.

ಕಂಬದ ವೋಲ್ಟೇಜ್ ಕೂಡ ನೋಡಬೇಕು. 120ರ ಆಸುಪಾಸು, 114ರಿಂದ 126ರ ಒಳಗೆ ಇದ್ದರೆ ಚಿಂತೆ ಇಲ್ಲ. ಬೇಸಿಗೆಯ ಸಂಜೆ ಇಡೀ ಕ್ಯಾಂಪ್‌ಗ್ರೌಂಡ್ ಏಸಿ ಹಾಕಿದಾಗ ಹಳೆಯ ಜಾಗಗಳಲ್ಲಿ 105ಕ್ಕೂ ಇಳಿಯುತ್ತದೆ. ನಮ್ಮೂರಲ್ಲಿ ಸಂಜೆ ಬಲ್ಬು ಕೆಂಪಾಗಿ ಉರಿಯುತ್ತಿತ್ತಲ್ಲ, ಅದೇ ಕಥೆ. ಕಡಿಮೆ ವೋಲ್ಟೇಜಿನಲ್ಲಿ ಏಸಿಯ ಕಂಪ್ರೆಸರ್ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗಿ ಹಾಳಾಗುತ್ತದೆ. ಇಎಂಎಸ್ ಅನ್ನುವ ರಕ್ಷಣಾ ಡಬ್ಬಿಯನ್ನು ಕಂಬಕ್ಕೂ ಗಾಡಿಗೂ ನಡುವೆ ಹಾಕಿದರೆ ಇಂಥ ಹೊತ್ತಲ್ಲಿ ಅದೇ ಕರೆಂಟ್ ಕಡಿದುಬಿಡುತ್ತದೆ. ಎಷ್ಟೋ ಸಲ "ಕರೆಂಟ್ ಬರ್ತಿಲ್ಲ" ಅನ್ನುವ ದೂರಿನ ಕಾರಣ ಈ ಡಬ್ಬಿ ತನ್ನ ಕೆಲಸ ಮಾಡಿದ್ದು. ಅದರ ಪರದೆಯಲ್ಲಿ ಏನಿದೆ ಓದಿ. ಆನ್ ಆಗಲು ಅದು ಒಂದೆರಡು ನಿಮಿಷ ತೆಗೆದುಕೊಳ್ಳುವುದೂ ಉಂಟು, ಅದು ಏಸಿಗೆ ಒಳ್ಳೆಯದಕ್ಕೇ. ನನ್ನನ್ನು ಕೇಳಿದರೆ ಟ್ರೇಲರ್ ಕೊಂಡವರು ಕುರ್ಚಿ ಮೇಜಿಗಿಂತ ಮುಂಚೆ ಕೊಳ್ಳಬೇಕಾದ್ದು ಇದು.

ಒಂದು ಎಚ್ಚರಿಕೆ. ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದಾಗ ಕೈ ಜುಮ್ ಅಂದರೆ ಹುಡುಕಾಟ ಅಲ್ಲಿಗೇ ನಿಲ್ಲಿಸಿ. ಅರ್ಥಿಂಗ್ ತಪ್ಪಿ ಗಾಡಿಯ ಮೈಗೇ ಕರೆಂಟ್ ಬಂದಿದೆ ಅಂತ ಅರ್ಥ. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ಆಡುವ ಮಕ್ಕಳಿಗೆ ಇದು ಪ್ರಾಣಕ್ಕೇ ಬರುತ್ತದೆ. ಗಾಡಿ ಮುಟ್ಟದೆ ಕಂಬದ ಹತ್ತಿರ ಹೋಗಿ ಬ್ರೇಕರ್ ಆಫ್ ಮಾಡಿ, ಎಲ್ಲರನ್ನೂ ದೂರ ಕರೆಯಿರಿ. ಮುಂದಿನದು ಎಲೆಕ್ಟ್ರಿಷಿಯನ್ ಕೆಲಸ. ಸುಟ್ಟ ವಾಸನೆ ಬಂದರೂ ಹಾಗೇ.

ಒಳಗಿನ ಬ್ರೇಕರ್, ಮತ್ತು ಸ್ನಾನದ ಮನೆಯ ಗುಂಡಿ

ಕಂಬ ಸರಿ ಇದೆ ಅಂದರೆ ಒಳಗಿನ ಪ್ಯಾನೆಲಿನ ಬಾಗಿಲು ತೆಗೆಯಿರಿ. ಒಂದು ಕಡೆ 120ರ ಬ್ರೇಕರುಗಳು, ಇನ್ನೊಂದು ಕಡೆ 12ರ ಬ್ಲೇಡ್ ಫ್ಯೂಸುಗಳು ಇರುತ್ತವೆ. ಬ್ರೇಕರುಗಳನ್ನು ಒಂದೊಂದಾಗಿ ಪೂರ್ತಿ ಆಫ್ ಮಾಡಿ ಆನ್ ಮಾಡಿ. ಕನ್ವರ್ಟರಿನದು ಯಾವುದು ಅಂತ ಗುರುತಿಸಿ ಒಂದು ಚೀಟಿ ಅಂಟಿಸಿಡಿ.

ಕೆಲವು ಪ್ಲಗ್ಗುಗಳಲ್ಲಿ ಮಾತ್ರ ಕರೆಂಟ್ ಇಲ್ಲ ಅಂದರೆ ಜಿಎಫ್‌ಸಿಐ ಹುಡುಕಿ. ಕರೆಂಟ್ ಸೋರಿದರೆ ತಾನಾಗಿ ಕಡಿಯುವ, ನಡುವೆ ಟೆಸ್ಟ್, ರೀಸೆಟ್ ಅಂತ ಎರಡು ಗುಂಡಿ ಇರುವ ಸಾಕೆಟ್ ಅದು. ಸಾಮಾನ್ಯವಾಗಿ ಸ್ನಾನದ ಮನೆಯಲ್ಲೋ ಸಿಂಕಿನ ಪಕ್ಕದಲ್ಲೋ ಇರುತ್ತದೆ. ತಮಾಷೆ ಅಂದರೆ ಆ ಒಂದು ಸಾಕೆಟ್ ಬಿದ್ದರೆ ಅದರ ಹಿಂದೆ ಜೋಡಿಸಿದ ಅಡುಗೆ ಕಟ್ಟೆಯ ಪ್ಲಗ್ಗು, ಹೊರಗೋಡೆಯ ಪ್ಲಗ್ಗು ಎಲ್ಲ ಸಾಯುತ್ತವೆ. ಮಳೆ ಬಂದ ಮಾರನೇ ದಿನ ಹೊರಗಿನ ಪ್ಲಗ್ಗಿಗೆ ನೀರು ಹೋಗಿ ಹೀಗಾಗುವುದು ಜಾಸ್ತಿ. ಒಣಗಲು ಬಿಟ್ಟು ರೀಸೆಟ್ ಒತ್ತಿ.

ಪದೇ ಪದೇ ಮುಖ್ಯ ಬ್ರೇಕರ್ ಬೀಳುತ್ತಿದೆಯೇ? ಹಾಗಿದ್ದರೆ ರಿಪೇರಿಗಿಂತ ಮುಂಚೆ ಲೆಕ್ಕ ಹಾಕಿ. 13,500 ಬಿಟಿಯು ಏಸಿ ಸುಮಾರು 13 ಆಂಪ್. ವಾಟರ್ ಹೀಟರಿನ ಕಾಯಿಲ್ 1,400 ವ್ಯಾಟ್, ಅಂದರೆ ಹೆಚ್ಚೂಕಡಿಮೆ 12. ಸಾವಿರ ವ್ಯಾಟಿನ ಇನ್‌ಸ್ಟಂಟ್ ಪಾಟ್ (ಕರೆಂಟಿನ ಕುಕ್ಕರ್) 8. ಇಷ್ಟಕ್ಕೇ 33 ಆಯಿತು, ನಿಮ್ಮ ಮಿತಿ 30. ಮೇಲೆ ಕನ್ವರ್ಟರ್ ಬೇರೆ ಒಂದಷ್ಟು ಎಳೆಯುತ್ತದೆ. ಚಟ್ನಿಗೆ ಅಂತ 110 ವೋಲ್ಟಿನ ಮಿಕ್ಸಿ ಹಾಕಿದ ಕ್ಷಣ ಎಲ್ಲ ಆರಿದರೆ ಬೈಸಿಕೊಳ್ಳುವುದು ಮಿಕ್ಸಿ, ತಪ್ಪು ಹಿಂದಿನಿಂದ ಸದ್ದಿಲ್ಲದೆ ಓಡುತ್ತಿರುವ ವಾಟರ್ ಹೀಟರಿನದು. ಅದನ್ನು ಗ್ಯಾಸಿಗೆ ಬದಲಿಸಿದರೆ ಸಾಕು. ಸ್ವಲ್ಪ ಮೀರಿದ ಹೊರೆಗೆ ಬ್ರೇಕರ್ ತಕ್ಷಣ ಬೀಳುವುದಿಲ್ಲ, ಬಿಸಿಯಾಗಿ ಹಲವು ನಿಮಿಷದ ಮೇಲೆ ಬೀಳುತ್ತದೆ. ಬಿಸಿಲಿಗೆ ಕಾದ ಕಂಬದಲ್ಲಿ ಇನ್ನೂ ಬೇಗ. ಅದಕ್ಕೇ ಯಾವುದರಿಂದ ಆಯಿತು ಅಂತ ತಿಳಿಯದೆ ಜನ ಒದ್ದಾಡುತ್ತಾರೆ.

ಅಂದ ಹಾಗೆ, ಇಂಡಿಯಾದಿಂದ ತಂದ 230 ವೋಲ್ಟಿನ ಮಿಕ್ಸಿ ಇಲ್ಲಿ ಸರಿಯಾಗಿ ತಿರುಗುವುದಿಲ್ಲ. ಅದು ಟ್ರೇಲರಿನ ದೋಷವಲ್ಲ.

12 ವೋಲ್ಟಿನ ಕಡೆ

ಇಲ್ಲಿ ನಿಧಾನವಾಗಿ ಹೋಗೋಣ, ಯಾಕೆಂದರೆ ಹೆಚ್ಚಿನ ತಲೆನೋವು ಇಲ್ಲೇ.

ಮೊದಲು ಕಂಬದಿಂದ ಪ್ಲಗ್ ತೆಗೆಯಿರಿ. ಸೋಲಾರ್ ಇದ್ದರೆ ಅದನ್ನೂ ಆಫ್ ಮಾಡಿ, ಒಂದು ಗಂಟೆ ಬಿಟ್ಟು ಬ್ಯಾಟರಿಯ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಸೀಸದ ಬ್ಯಾಟರಿ ತುಂಬಿದ್ದರೆ 12.6 ಅಥವಾ 12.7 ತೋರಿಸುತ್ತದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಖಾಲಿ ಹತ್ತಿರ. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ನಡೆಯುವುದಿಲ್ಲ. ಅದು ತುಂಬಿದಾಗಲೂ ಅರ್ಧ ಇದ್ದಾಗಲೂ 13ರ ಮೇಲೇ ಇರುತ್ತದೆ, ಒಳಹರಿವು ಹೊರಹರಿವು ಎಣಿಸುವ ಮಾನಿಟರ್ ಬೇಕು.

ಈಗ ಪ್ಲಗ್ ವಾಪಸ್ ಹಾಕಿ ಮತ್ತೆ ಅಳೆಯಿರಿ. ಕನ್ವರ್ಟರ್ ಕೆಲಸ ಮಾಡುತ್ತಿದ್ದರೆ ಬ್ಯಾಟರಿಯ ಮೇಲೆ 13.2ರಿಂದ 14.4ರ ನಡುವೆ ಬರುತ್ತದೆ, ಸಾಮಾನ್ಯವಾಗಿ 13.6. ತೀರಾ ಖಾಲಿಯಾದ ಬ್ಯಾಟರಿಯಾದರೆ ಅಷ್ಟಕ್ಕೆ ಏರಲು ಹೊತ್ತು ಬೇಕು, ಆದರೆ ಏರುತ್ತಿರುವುದಂತೂ ಕಾಣಬೇಕು. ಮೊದಲಿನ ಸಂಖ್ಯೆಯೇ ಅಲ್ಲಾಡದೆ ನಿಂತಿದ್ದರೆ ಚಾರ್ಜ್ ತಲುಪುತ್ತಿಲ್ಲ. ಹಾಗಂತ ಕನ್ವರ್ಟರ್ ಸತ್ತಿದೆ ಅನ್ನಬೇಡಿ. ದಾರಿಯಲ್ಲಿ ಎಲ್ಲಾದರೂ ಕಡಿದಿರಬಹುದು. ನೋಡಬೇಕಾದ ಕ್ರಮ ಹೀಗೆ.

ಕನ್ವರ್ಟರಿನ ಬ್ರೇಕರ್ ಆನ್ ಇದೆಯೇ? ಇದ್ದರೆ ಬ್ಯಾಟರಿ ಡಿಸ್ಕನೆಕ್ಟ್ ಸ್ವಿಚ್ ನೋಡಿ. ಬಾಗಿಲ ಹತ್ತಿರವೋ ಮುಂದಿನ ಡಿಕ್ಕಿಯಲ್ಲೋ ಇರುತ್ತದೆ, ಕುರ್ಚಿ ತುರುಕುವಾಗ ತಗುಲಿ ತಿರುಗಿರುತ್ತದೆ. ಅದೂ ಸರಿ ಇದ್ದರೆ ಪ್ಯಾನೆಲಿನಲ್ಲಿ ಒಂಟಿಯಾಗಿ ಇರುವ ಎರಡು ದೊಡ್ಡ ಫ್ಯೂಸ್ ನೋಡಿ, 30 ಅಥವಾ 40 ಆಂಪಿನವು. ಬ್ಯಾಟರಿಯನ್ನು ಉಲ್ಟಾ ಜೋಡಿಸಿದರೆ ಕನ್ವರ್ಟರನ್ನು ಉಳಿಸಲು ಸಾಯುವ ಫ್ಯೂಸುಗಳು ಅವು.

ಉಲ್ಟಾ ಯಾರು ಜೋಡಿಸುತ್ತಾರೆ ಅಂತ ನಗಬೇಡಿ. ಕಾರಿನಲ್ಲಿ ಕಪ್ಪು ವೈರು ಅಂದರೆ ಮೈನಸ್. ಇಲ್ಲಿನ ಎಷ್ಟೋ ಟ್ರೇಲರುಗಳಲ್ಲಿ ಕಪ್ಪು ಪ್ಲಸ್, ಬಿಳಿ ಮೈನಸ್! ಚಳಿಗಾಲದಲ್ಲಿ ಬಿಚ್ಚಿಟ್ಟ ಬ್ಯಾಟರಿಯನ್ನು ವಸಂತದಲ್ಲಿ ಕಾರಿನ ಅಭ್ಯಾಸದಲ್ಲಿ ಹಾಕಿದರೆ ಒಂದು ಕಿಡಿ, ಅಲ್ಲಿಗೆ ಫ್ಯೂಸ್ ಹೋಯಿತು. ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ, ಪ್ಲಸ್ ವೈರಿಗೆ ಕೆಂಪು ಟೇಪ್ ಸುತ್ತಿ.

ಇಷ್ಟಕ್ಕೂ ಸಿಗದಿದ್ದರೆ ಗಾಡಿಯ ಮೂತಿಯ ಹತ್ತಿರ ಬ್ಯಾಟರಿಯ ಪ್ಲಸ್ ವೈರನ್ನು ಹಿಡಿದು ಹೋಗಿ. ಒಂದಡಿ ದೂರದಲ್ಲಿ ಹೆಬ್ಬೆರಳಿನಷ್ಟಿರುವ ಸಣ್ಣ ಲೋಹದ ಬ್ರೇಕರ್ ಇರುತ್ತದೆ, ಎರಡು ಬೋಲ್ಟಿನದು. ಮಳೆ, ಧೂಳು, ರಸ್ತೆಯ ಉಪ್ಪು ಎಲ್ಲ ಬೀಳುವ ಜಾಗ ಅದು. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟು, ಕೆಂಪು ಕಡ್ಡಿಯಿಂದ ಆ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ. ಎರಡೂ ಕಡೆ ಒಂದೇ ವೋಲ್ಟೇಜ್ ಇರಬೇಕು. ಒಂದು ಕಡೆ 12.6, ಇನ್ನೊಂದು ಕಡೆ 9 ಅಂದರೆ ಕಳ್ಳ ಸಿಕ್ಕಿದ. ಹೊಸದು ಕೆಲವೇ ಡಾಲರು. ಮೈನಸ್ ವೈರು ಗಾಡಿಯ ಕಬ್ಬಿಣಕ್ಕೆ ಸೇರುವ ನಟ್ಟನ್ನೂ ಬಿಚ್ಚಿ, ಹೊಳೆಯುವ ತನಕ ಬ್ರಷ್ ಮಾಡಿ ಬಿಗಿ ಮಾಡಿ. ಅಳೆಯುವುದು ಮುಗಿದ ಮೇಲೆ, ಈ ಬಿಚ್ಚುವ ಕೆಲಸ ಮಾಡುವ ಮುಂಚೆ ಕಂಬದ ಪ್ಲಗ್ ತೆಗೆದು, ಬ್ಯಾಟರಿಯ ಮೈನಸ್ ವೈರು ಬಿಚ್ಚಿರಬೇಕು. ಸ್ಪ್ಯಾನರ್ ಪ್ಲಸ್ಸಿಗೂ ಕಬ್ಬಿಣಕ್ಕೂ ಒಟ್ಟಿಗೆ ತಾಗಿದರೆ ಕೈ ಸುಡುವಷ್ಟು ಕಿಡಿ ಬರುತ್ತದೆ.

ಇವೆಲ್ಲ ಸರಿ ಇದ್ದು, ಕನ್ವರ್ಟರಿಗೆ 120 ಹೋಗುತ್ತಿದ್ದು, ಅದರ 12ರ ತುದಿಯಲ್ಲಿ 13ರ ಮೇಲೆ ಬರದಿದ್ದರೆ ಮಾತ್ರ ಕನ್ವರ್ಟರ್ ಹೋಗಿದೆ ಅನ್ನಿ.

ಒಂದೇ ಒಂದು ಸಾಮಾನು, ಪಂಪ್ ಮಾತ್ರ ಅಥವಾ ಒಂದು ಸಾಲಿನ ದೀಪ ಮಾತ್ರ ಸತ್ತಿದ್ದರೆ ಅದರ ಬ್ಲೇಡ್ ಫ್ಯೂಸ್ ನೋಡಿ. ಹೊಸ ಫ್ಯೂಸ್ ಹಾಕಿದ ತಕ್ಷಣ ಅದೂ ಹೋದರೆ ಎಲ್ಲೋ ವೈರಿಗೆ ವೈರು ತಾಗಿದೆ. ಮೂರನೆಯದನ್ನು ಹಾಕಿ ನೋಡುವುದರಲ್ಲಿ ಅರ್ಥವಿಲ್ಲ.

ಕಂಬವೇ ಇಲ್ಲದ ಕಡೆ

ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಒಳಗಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಕರೆಂಟಿನ ಹುಕಪ್ (ಗಾಡಿಗೆ ಕೊಡುವ ಸಂಪರ್ಕ) ಇಲ್ಲ. ಇಂಥ ಕಡೆ ನಡುರಾತ್ರಿ ಫರ್ನೇಸ್ ನಿಲ್ಲುವುದೇ ದೊಡ್ಡ ದೂರು. ಗ್ಯಾಸ್ ಇದೆ, ಫ್ಯಾನ್ ತಿರುಗುತ್ತದೆ, ಬೆಂಕಿ ಹತ್ತುವುದಿಲ್ಲ. ಬ್ಯಾಟರಿ ಸೋತು ಫ್ಯಾನ್ ನಿಧಾನವಾಗಿರುತ್ತದೆ. ಗಾಳಿಯ ರಭಸ ಸಾಲದಿದ್ದರೆ ಒಳಗಿನ ಒಂದು ಸಣ್ಣ ಸ್ವಿಚ್ ಗ್ಯಾಸ್ ಬಿಡಲು ಒಪ್ಪುವುದಿಲ್ಲ.

ಲೆಕ್ಕ ನೋಡಿ. ಫ್ಯಾನ್ ಸುಮಾರು 7 ಆಂಪ್ ಎಳೆಯುತ್ತದೆ. ಚಳಿ ರಾತ್ರಿ ಹತ್ತು ಗಂಟೆಯಲ್ಲಿ ಅರ್ಧ ಹೊತ್ತು ಓಡಿದರೆ 35 ಆಂಪ್ ಅವರ್. ಟ್ರೇಲರಿನ ಜೊತೆ ಬರುವ ಗ್ರೂಪ್ 24 ಗಾತ್ರದ ಬ್ಯಾಟರಿ 80 ಆಂಪ್ ಅವರಿನ ಆಸುಪಾಸಿನದು, ಸೀಸದ್ದಾದ್ದರಿಂದ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಉಳಿದಿದ್ದು 40. ದೀಪ, ಫ್ರಿಜ್ಜಿನ ಬೋರ್ಡು, ಡಿಟೆಕ್ಟರ್ ಸೇರಿದರೆ ಬೆಳಗಿನ ಜಾವಕ್ಕೆ ಮುಗಿಯುತ್ತದೆ. ಥರ್ಮೋಸ್ಟಾಟ್ ಇಳಿಸಿ, ಕಂಬಳಿ ಹೊದೆಯಿರಿ. ಎರಡನೇ ದಿನಕ್ಕೆ ಜನರೇಟರ್ ಅಥವಾ ಸೋಲಾರ್ ಬೇಕು. 100 ವ್ಯಾಟಿನ ಒಂದು ಪ್ಯಾನೆಲ್ ಒಳ್ಳೆಯ ಬಿಸಿಲಲ್ಲಿ 5 ಆಂಪಿನಷ್ಟು ಕೊಡುತ್ತದೆ. ಪೈನ್ ಮರದ ನೆರಳಲ್ಲಿ ಅದನ್ನೂ ಮರೆತುಬಿಡಿ.

12.6 ತೋರಿಸುವ ಬ್ಯಾಟರಿಯೂ ಸುಳ್ಳು ಹೇಳುತ್ತದೆ. ಫರ್ನೇಸ್ ಹಾಕಿ ಅಳೆಯಿರಿ. ತಕ್ಷಣ 10ಕ್ಕೆ ಕುಸಿದರೆ, ವೈರುಗಳು ಬಿಗಿ ಇದ್ದೂ ಹಾಗಾದರೆ, ಬ್ಯಾಟರಿಯ ಆಯುಸ್ಸು ಮುಗಿದಿದೆ.

ಜನರೇಟರ್ ಹಾಕಿದಾಗ ಇಎಂಎಸ್ ಗ್ರೌಂಡ್ (ಅರ್ಥಿಂಗ್) ಇಲ್ಲ ಅಂತ ಹೇಳಿ ಕರೆಂಟ್ ಬಿಡದಿದ್ದರೆ ಗಾಬರಿ ಬೇಡ. ಹೊಂಡಾ ಇಯು2200ಐ ಥರದ ಕೈಲಿ ಒಯ್ಯುವ ಇನ್ವರ್ಟರ್ ಜನರೇಟರುಗಳಲ್ಲಿ ನ್ಯೂಟ್ರಲ್ಲಿಗೂ ಗ್ರೌಂಡಿಗೂ ಒಳಗೆ ಸಂಬಂಧ ಇರುವುದಿಲ್ಲ. ಅದನ್ನು ಸೇರಿಸುವ ಬಾಂಡಿಂಗ್ ಪ್ಲಗ್ ಸಿಗುತ್ತದೆ, ಜನರೇಟರಿನ ಇನ್ನೊಂದು ಸಾಕೆಟ್ಟಿಗೆ ಚುಚ್ಚಿದರೆ ಸಾಕು. ಜನರೇಟರಿಗೆ ಮಾತ್ರ, ಕ್ಯಾಂಪಿನ ಕಂಬಕ್ಕಲ್ಲ. ಎತ್ತರದ ಜಾಗದಲ್ಲಿ ಜನರೇಟರ್ ಏಸಿಯ ಹೊರೆ ಎಳೆಯದಿದ್ದರೆ ಅದೂ ಸಹಜ. ಸಾವಿರ ಅಡಿಗೆ ಶೇಕಡ 3ರಿಂದ 4ರಷ್ಟು ಶಕ್ತಿ ಇಳಿಯುತ್ತದೆ, ಯೆಲ್ಲೋಸ್ಟೋನ್ ಸರೋವರ ಇರುವುದು 7,700 ಅಡಿಗೂ ಮೇಲೆ.

ಮನೆ ಮುಂದೆ ನಿಲ್ಲಿಸಿದಾಗ

ಗ್ಯಾರೇಜಿನ 15 ಆಂಪ್ ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಜೋಡಿಸಬಹುದು, ಬ್ಯಾಟರಿ ತುಂಬಿಸಲು, ಫ್ರಿಜ್ ತಣ್ಣಗಾಗಿಸಲು. ಏಸಿ ಬೇಡ. ಜೋಡಿಸಿದ ತಕ್ಷಣ ಮನೆಯ ಜಿಎಫ್‌ಸಿಐ ಬಿದ್ದರೆ ಟ್ರೇಲರಿನ ಬ್ರೇಕರ್ ಎಲ್ಲ ಆಫ್ ಮಾಡಿ, ಒಂದೊಂದೇ ಆನ್ ಮಾಡುತ್ತಾ ಬನ್ನಿ. ವಾಟರ್ ಹೀಟರಿನದಕ್ಕೆ ಬಿದ್ದರೆ ಟ್ಯಾಂಕಿನಲ್ಲಿ ನೀರಿಲ್ಲದೆ ಹಾಕಿ ಕಾಯಿಲ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಎಲ್ಲ ಆಫ್ ಇದ್ದಾಗಲೂ ಬೀಳುತ್ತಿದ್ದರೆ ಕೇಬಲ್ಲಿಗೆ ನೀರು ಹೋಗಿರಬೇಕು, ಇಲ್ಲವೇ ಒಳಗೆಲ್ಲೋ ನ್ಯೂಟ್ರಲ್ಲು ಗ್ರೌಂಡು ತಾಗಿರಬೇಕು. ಬ್ರೇಕರ್ ನ್ಯೂಟ್ರಲ್ಲನ್ನು ಕಡಿಯುವುದಿಲ್ಲ, ಅದಕ್ಕೇ.

ಮನೆಯಲ್ಲಿ 30 ಆಂಪಿನ ಸಾಕೆಟ್ ಹಾಕಿಸುವವರು ಎಲೆಕ್ಟ್ರಿಷಿಯನ್‌ಗೆ "120 ವೋಲ್ಟ್, ಟಿಟಿ-30" ಅಂತ ಬರೆದುಕೊಡಿ. ನೋಡಲು ಬಟ್ಟೆ ಒಣಗಿಸುವ ಡ್ರೈಯರಿನ ಸಾಕೆಟ್ ಥರವೇ ಇರುವುದರಿಂದ 240 ಜೋಡಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಒಂದೇ ಏಟಿಗೆ ಮೈಕ್ರೋವೇವಿನಿಂದ ಕನ್ವರ್ಟರ್ ತನಕ ಎಲ್ಲ ಸುಡುತ್ತದೆ. ಗಾಡಿ ಜೋಡಿಸುವ ಮುಂಚೆ ಮಲ್ಟಿಮೀಟರಿನಲ್ಲಿ ಅಳೆದೇ ಜೋಡಿಸಿ.

ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಡಿಸ್ಕನೆಕ್ಟ್ ಸ್ವಿಚ್ ತಿರುಗಿಸಿದರೆ ಸಾಲದು. ಕೆಲವು ಗಾಡಿಗಳಲ್ಲಿ ಗ್ಯಾಸ್ ಡಿಟೆಕ್ಟರಿನಂಥವು ನೇರ ಬ್ಯಾಟರಿಗೇ ಇರುತ್ತವೆ, ವಾರಗಳಲ್ಲಿ ಅದನ್ನು ಹೀರಿ ಮುಗಿಸುತ್ತವೆ. ಖಾಲಿ ಬ್ಯಾಟರಿ ಹಿಮದಲ್ಲಿ ಹೆಪ್ಪುಗಟ್ಟಿ ಒಡೆಯುವುದೂ ಉಂಟು. ತುಂಬಿಸಿ, ಮೈನಸ್ ವೈರು ಬಿಚ್ಚಿಡಿ. ಮುಂದಿನ ಸಲ ಎಳೆಯುವ ಮುಂಚೆ ಮಾತ್ರ ಆ ವೈರನ್ನು ಮರೆಯದೆ ವಾಪಸ್ ಹಾಕಿ. ಹೆದ್ದಾರಿಯಲ್ಲಿ ಗಾಡಿ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಾಕುವ ಬ್ರೇಕ್‌ಅವೇ ಸ್ವಿಚ್ ನಡೆಯುವುದು ಅದೇ ಬ್ಯಾಟರಿಯಿಂದ.